ಇಲ್ಲೇ ಹೋಗಿ ಬರ್ತೀನ್ರಿ

ಮುದಗಲ್ ಬಸ್‌ಸ್ಟ್ಯಾಂಡಿನ ಹತ್ತಿರ ಚಾ ಕುಡಿಯುತ್ತಾ ಅರ್ಧ ಗಂಟೆ ರಸ್ತೆ ನೋಡಿ. ಬೈಕುಗಳಿಗೆ ಬರವಿಲ್ಲ. ಹೆಲ್ಮೆಟ್ಟುಗಳೂ ಇಲ್ಲವೆಂದಲ್ಲ. ಒಂದು ಕನ್ನಡಿಗೆ ನೇತುಬಿದ್ದಿದೆ, ಒಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿದೆ, ಮತ್ತೊಂದು ಸವಾರನ ಮೊಣಕೈಯಲ್ಲಿ ದಪ್ಪ ಬಳೆಯ ಹಾಗೆ ಜೋತಾಡುತ್ತಿದೆ. ತಲೆಯ ಮೇಲೆ ಇರುವುದು ಟವಲ್ಲು.

ಯಾಕಪ್ಪಾ ಹಾಕಿಲ್ಲ ಎಂದು ಕೇಳಿದರೆ ಬರುವ ಉತ್ತರ ಒಂದೇ: “ಇಲ್ಲೇ ಹೋಗಿ ಬರ್ತೀನ್ರಿ ಕಾಕಾ, ಅದ್ಯಾಕ ಬೇಕು?” ನಮ್ಮ ಕಡೆ ಈ ‘ಇಲ್ಲೇ’ ಬಹಳ ಹಿಗ್ಗುವ ಮಾತು. ಊರ ಹೊರಗಿನ ಹೊಲವೂ ಇಲ್ಲೇ, ಹದಿನೈದು ಕಿಲೋಮೀಟರಿನಾಚೆಯ ಲಿಂಗಸುಗೂರೂ ಇಲ್ಲೇ. ಬೀಗರ ಮನೆಯಲ್ಲಿ ಉಂಡು ರಾತ್ರಿಗೆ ತಿರುಗಿ ಬರುವುದಾದರೆ ಮಸ್ಕಿ, ಸಿಂಧನೂರೂ ಇಲ್ಲೇ. ಹೆಲ್ಮೆಟ್ ಬೇಕಾಗುವುದು ಪೊಲೀಸರು ನಿಂತಿರುವ ಸರ್ಕಲ್ಲಿಗೆ ಮಾತ್ರ. ಸರ್ಕಲ್ಲು ದಾಟಿತೋ, ಅದು ಮತ್ತೆ ಮೊಣಕೈಗೆ ಇಳಿಯುತ್ತದೆ.

‘ಇಲ್ಲೇ’ ಎಂದು ಹೊರಟವರಲ್ಲಿ ಜಗತ್ತಿಗೆ ಹೆಲ್ಮೆಟ್ಟಿನ ಪಾಠ ಕಲಿಸಿದವನು ಟಿ.ಇ. ಲಾರೆನ್ಸ್. ‘ಲಾರೆನ್ಸ್ ಆಫ್ ಅರೇಬಿಯಾ’ ಎಂಬ ಸಿನಿಮಾದ ಲಾರೆನ್ಸ್ ಅವನೇ. ಮರಳುಗಾಡಿನ ಯುದ್ಧದಲ್ಲಿ ಉಳಿದು ಬಂದವನು, ಬೈಕಿನ ಹುಚ್ಚು ಹಿಡಿಸಿಕೊಂಡವನು. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ, ಮನೆಯಿಂದ ಎರಡು-ಮೂರು ಕಿಲೋಮೀಟರ್ ದೂರದ ಅಂಚೆಕಚೇರಿಗೆ ಹೋಗಿ, ತಂತಿ ಕಳಿಸಿ ವಾಪಸ್ ಬರುತ್ತಿದ್ದ. ರಸ್ತೆಯ ಏರಿಳಿತದಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರು ತಟ್ಟನೆ ಎದುರಾದರು. ಅವರನ್ನು ತಪ್ಪಿಸಲು ಗಾಡಿ ಹೊರಳಿಸಿದ, ಬಿದ್ದ. ತಲೆಗೆ ಪೆಟ್ಟಾಗಿ ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ, ಮೇ 19ರಂದು ತೀರಿಕೊಂಡ. 46 ವರ್ಷ.

ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೆಯರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕ ಒಬ್ಬ. ಉಳಿಸಿಕೊಳ್ಳಲು ಆಗದ ಆ ಸಾವು ಅವನನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದಾಗ ಸೇನೆಯ ಓಲೆ ಒಯ್ಯುವ ಬೈಕ್ ಸವಾರರು ಗುಂಡಿಗೆ ಸಿಗುವ ಮೊದಲೇ ರಸ್ತೆಯಲ್ಲಿ ಸಾಯುತ್ತಿದ್ದರು. ಕೆಯರ್ನ್ಸ್ ಒಂದೊಂದೇ ಪ್ರಕರಣ ಜೋಡಿಸಿಕೊಂಡು 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬರೆದ. ಹೆಲ್ಮೆಟ್ ಹಾಕಿಕೊಂಡು ಬಿದ್ದವರು ಅವನಿಗೆ ಸಿಕ್ಕಿದ್ದು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಸಾಮಾನ್ಯ ನಾಗರಿಕರಿಗೆ ಕಡ್ಡಾಯ ಮಾಡಲು ಮಾತ್ರ ಅದೇ ಬ್ರಿಟನ್ನು 1973ರವರೆಗೆ ಕಾದಿತು. ಈ ವಿಷಯದ ಸೋಮಾರಿತನ ನಮ್ಮೊಬ್ಬರ ಆಸ್ತಿಯಲ್ಲ.

ಹತ್ತಿರದ ದಾರಿ, ನಿಧಾನದ ಓಟ, ಅಷ್ಟಕ್ಕೆ ಏನಾದೀತು? ಒಂದು ಲೆಕ್ಕ ಮಾಡೋಣ. ಬೈಕಿನ ಮೇಲೆ ಕೂತವನ ತಲೆ ನೆಲದಿಂದ ಹತ್ತಿರ ಹತ್ತಿರ ಒಂದೂವರೆ ಮೀಟರ್ ಮೇಲಿರುತ್ತದೆ. ಗಾಡಿ ನಿಂತಲ್ಲೇ ವಾಲಿ, ಆ ತಲೆ ತಡೆಯಿಲ್ಲದೆ ನೆಲಕ್ಕೆ ಬಂದರೂ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಇದರಲ್ಲಿ ಗಾಡಿಯ ವೇಗ ಸೇರಿಲ್ಲ, ಭೂಮಿ ಎಳೆದದ್ದಷ್ಟೇ. ಇನ್ನು 50 ಕಿಲೋಮೀಟರ್ ವೇಗದಲ್ಲಿ ಹೋಗಿ ಬೇವಿನ ಮರಕ್ಕೋ ಟ್ರ್ಯಾಕ್ಟರ್ ಟ್ರಾಲಿಯ ಮೂಲೆಗೋ ನೇರ ಗುದ್ದಿದರೆ, ಅದು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮಾಳಿಗೆಯಿಂದ ತಲೆಕೆಳಗಾಗಿ ಬಿದ್ದಷ್ಟೇ ಏಟು.

ತಲೆಬುರುಡೆ ರಸ್ತೆಗೆ ಬಡಿದಾಗ ಕೆಲವೇ ಮಿಲಿಮೀಟರಿನೊಳಗೆ ನಿಂತುಬಿಡಬೇಕು. ಒಳಗಿನ ಮಿದುಳು ನಿಲ್ಲುವುದಿಲ್ಲ. ನೀರಿನಂಥ ದ್ರವದಲ್ಲಿ ತೇಲುವ ಮೆತ್ತನೆಯ ವಸ್ತು ಅದು, ಮುಂದೆ ಹೋಗಿ ಬುರುಡೆಗೆ ಅಪ್ಪಳಿಸುತ್ತದೆ, ತಿರುಚಿಕೊಳ್ಳುತ್ತದೆ, ರಕ್ತನಾಳ ಹರಿಯುತ್ತದೆ. ನಿಂತಲ್ಲಿಂದ ಬಿದ್ದ ಆ ತಲೆ ಮೂರು ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲಿನ ಬಲ ಗುರುತ್ವದ 500 ಪಟ್ಟು. ಮೂರು ಸೆಂಟಿಮೀಟರಿನಲ್ಲಿ ನಿಂತರೆ 50 ಪಟ್ಟು. ಹೆಲ್ಮೆಟ್ಟು ಮಾಡುವ ಕೆಲಸ ಒಂದು ಸೊನ್ನೆ ಅಳಿಸುವುದು.

ಮುದಗಲ್ ಕೋಟೆ ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಅಗಲವಾದ ಕಂದಕ, ಹೊರಗೋಡೆ, ಮತ್ತೆ ಒಳಗೋಡೆ. ಬಹಮನಿಯವರು, ವಿಜಯನಗರದವರು, ಆದಿಲಶಾಹಿಗಳು ಎರಡು ಹೊಳೆಗಳ ನಡುವಿನ ನಮ್ಮ ಈ ನೆಲಕ್ಕಾಗಿ ಶತಮಾನಗಟ್ಟಲೆ ಬಡಿದಾಡಿದ್ದರಿಂದ ಇಷ್ಟೆಲ್ಲ ಕಟ್ಟಬೇಕಾಯಿತು. ದಂಡು ಕಂದಕದಲ್ಲಿ ತಡವರಿಸಿದಷ್ಟು ಹೊತ್ತು ಒಳಗಿನವರಿಗೆ ಉಸಿರು. ಹೆಲ್ಮೆಟ್ಟಿನ ಗಟ್ಟಿ ಚಿಪ್ಪು ಹೊರಗೋಡೆ. ಒಳಗಿನ ಥರ್ಮಕೋಲು ಕಂದಕ. ಜನ ಚಿಪ್ಪನ್ನು ಕುಕ್ಕಿ ನೋಡಿ ಕೊಳ್ಳುತ್ತಾರೆ, ಜೀವ ಉಳಿಸುವುದು ಆ ಹಗುರ ಬಿಳಿ ಥರ್ಮಕೋಲು. ಏಟಿಗೆ ತಾನು ಜಜ್ಜಿಹೋಗಿ ತಲೆಗೆ ಒಂದಿಷ್ಟು ಜಾಗ ಕೊಡುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರೂ ಕಾಣದಿದ್ದರೂ, ಜೋರಾಗಿ ಬಿದ್ದ ಹೆಲ್ಮೆಟ್ ಅಲ್ಲಿಗೆ ಮುಗಿಯಿತು. ಅದನ್ನು ತಮ್ಮನಿಗೆ ದಾಟಿಸಬೇಡಿ. (ಆ ಕೋಟೆಗಾಗಿ ಕಾದಿದವರು ತಲೆಗೆ ಇಟ್ಟುಕೊಳ್ಳುತ್ತಿದ್ದುದಕ್ಕೆ ಹಳೆಯ ಕನ್ನಡ ಕಾವ್ಯಗಳಲ್ಲಿ ‘ಸೀಸಕ’ ಎಂಬ ಮಾತಿದೆ. ಒಳ್ಳೆಯ ಮಾತು. ಆದರೆ ಹೆಲ್ಮೆಟ್ ಅನ್ನೋದೇ ಈಗ ನಮ್ಮ ನಾಲಿಗೆಯದು, ಇರಲಿ.)

ನಮ್ಮ ರಸ್ತೆಗಳ ಅಪಾಯ ಪಟ್ಟಣದವರಿಗೆ ತಿಳಿಯುವಂಥದ್ದಲ್ಲ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಹರಡಿದ ತೊಗರಿ ಮತ್ತು ಜೋಳ, ಕತ್ತಲಲ್ಲಿ ಕೆಂಪು ದೀಪವಿಲ್ಲದೆ ನಿಂತ ಟ್ರಾಲಿ, ಬಣ್ಣ ಬಳಿಯದ ಹಂಪು, ಎಮ್ಮೆ. ಸಿಂಧನೂರು ಕಡೆಯ ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಸಂಜೆ ಹೊರಟವರ ಕಣ್ಣಿಗೆ ಹುಳ ಬಡಿಯುತ್ತವೆ. ಕಣ್ಣು ಮುಚ್ಚಿದ ಎರಡು ಸೆಕೆಂಡಿನಲ್ಲಿ 50ರ ವೇಗದ ಗಾಡಿ 28 ಮೀಟರ್ ಕುರುಡಾಗಿ ಓಡಿರುತ್ತದೆ. ಮುಂದೆ ಗಾಜಿರುವ ಹೆಲ್ಮೆಟ್ಟಿಗೆ ಇದೊಂದೇ ಕಾರಣ ಸಾಕು. ರಾತ್ರಿಗೆ ಕಪ್ಪು ಗಾಜು ಬೇಡ.

ಬಿದ್ದ ಮೇಲಿನ ದಾರಿ ಇನ್ನೂ ಉದ್ದ. ತಲೆಗೆ ಪೆಟ್ಟಾದವನು ಎದ್ದು ಕೂತು, “ಏನೂ ಆಗಿಲ್ಲ ಬಿಡ್ರಿ” ಎಂದು ಚಾ ಕುಡಿದು, ಮನೆಗೆ ಹೋಗಿ ಮಲಗಿ, ಏಳದೇ ಹೋಗುವುದುಂಟು. ಬುರುಡೆಗೂ ಮಿದುಳಿನ ಪೊರೆಗೂ ನಡುವೆ ರಕ್ತ ತುಂಬುತ್ತಾ ಹೋಗುವಾಗ ಕೆಲವು ಗಂಟೆ ಎಲ್ಲ ಸರಿಯಿರುವಂತೆಯೇ ಕಾಣುತ್ತದೆ. ವಾಂತಿ, ಮಂಪರು, ತಡವರಿಸುವ ಮಾತು ಕಂಡರೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಓಡಬೇಕು. ಜಿಲ್ಲಾಕೇಂದ್ರ ರಾಯಚೂರು ಮುದಗಲ್ಲಿನಿಂದ ನೂರು ಕಿಲೋಮೀಟರಿಗೂ ಹೆಚ್ಚು. ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸಿಗೆ ‘ಆರೋಗ್ಯ ಕವಚ’ ಎಂದು ಹೆಸರಿಟ್ಟಿದ್ದಾರೆ. ಆ ಕವಚ ಬರುವವರೆಗೆ ತಲೆಯ ಮೇಲೆ ಇನ್ನೊಂದು ಬೇಕು. ಆಸ್ಪತ್ರೆ ದೂರವಾದಷ್ಟೂ ‘ಇಲ್ಲೇ’ ಎಂಬ ಓಟ ದುಬಾರಿ.

ಕಾನೂನಿನ ಮಾತು ಬೇಗ ಮುಗಿಸೋಣ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಎನ್ನುತ್ತದೆ. 2019ರ ತಿದ್ದುಪಡಿ ದಂಡವನ್ನು 1000 ರೂಪಾಯಿಗೆ ಏರಿಸಿತು. ಜನ ಕೂಗೆಬ್ಬಿಸಿದ ಮೇಲೆ ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ದಂಡದ ಮಾತೇ ದೊಡ್ಡದಾಗಿ, ಹೆಲ್ಮೆಟ್ ಎಂದರೆ ಪೊಲೀಸರಿಗೂ ನಮಗೂ ನಡುವಿನ ವ್ಯವಹಾರ ಎಂಬಂತಾಗಿದೆ ಎಂಬುದೇ ನನ್ನ ತಕರಾರು. ಇದೇ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ತಲೆಗೆ ಗಟ್ಟಿ ಟೋಪಿ, ಕಾಲಿಗೆ ಬೂಟು ಇಲ್ಲದೆ ಅಲ್ಲಿ ಯಾರೂ ಕೆಳಗೆ ಇಳಿಯುವುದಿಲ್ಲ. ಅದನ್ನು ಅಲ್ಲಿ ಯಾರೂ ದಂಡವೆಂದು ತಿಳಿದಿಲ್ಲ, ಅದು ಕೆಲಸದ ಸಾಮಾನು. ಕುಡುಗೋಲಿಗೆ ಹಿಡಿ ಇದ್ದಂತೆ ಗಾಡಿಗೆ ಹೆಲ್ಮೆಟ್ ಎಂದು ನಮ್ಮವರಿಗೆ ಇನ್ನೂ ಅನ್ನಿಸಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು.

ಹಿಂದೆ ಕೂತವರ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ಅವರ ನೆನಪೇ ಯಾರಿಗೂ ಇರುವುದಿಲ್ಲ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಬೈಕಿನ ಹಿಂದಿನ ಸೀಟಿನಲ್ಲಿದ್ದರು. ಹೆಲ್ಮೆಟ್ ಇರಲಿಲ್ಲವೆಂದು ಆಗ ಪತ್ರಿಕೆಗಳು ಬರೆದವು. ತಲೆಗಾದ ಪೆಟ್ಟಿನಿಂದ ಅವರು ಉಳಿಯಲಿಲ್ಲ. ಮನೆಯವರು ಅಂಗಾಂಗಗಳನ್ನು ದಾನ ಮಾಡಿದರು.

ನಮ್ಮ ಕಡೆ ಹಿಂದೆ ಕೂರುವವರು ಹೆಚ್ಚಾಗಿ ಹೆಂಗಸರು. ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ಕೂಸು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಗಂಡನ ಹೆಗಲಿಗೆ. ಪಕ್ಕದ ಇಳಕಲ್ಲಿನ ಸೀರೆಯ ಸೆರಗು ಗಾಳಿಗೆ ಹಾರುತ್ತಿರುತ್ತದೆ. ಆ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕರೆ ಕ್ಷಣದಲ್ಲಿ ಎಳೆದು ಕೆಡವುತ್ತದೆ. ಇದಕ್ಕಾಗಿಯೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಚಕ್ರದ ಅರ್ಧಕ್ಕಾದರೂ ಅಡ್ಡವಾಗಿ ಒಂದು ತಡೆ ಇರಬೇಕು ಎನ್ನುತ್ತವೆ. ನಾವು ಸೀರೆ ಗಾರ್ಡು ಅನ್ನುತ್ತೇವಲ್ಲ, ಅದೇ. ಹುಡುಗರು ಚೆಂದ ಕಾಣಲೆಂದು ಹೊಸ ಗಾಡಿಯಿಂದ ಮೊದಲು ಬಿಚ್ಚಿ ಒಗೆಯುವುದು ಅದನ್ನೇ. ಅವ್ವನನ್ನು ಕೂರಿಸಿಕೊಳ್ಳುವ ಗಾಡಿಯಲ್ಲಿ ಅದು ಇರಲಿ. ಸೆರಗು ಸೊಂಟಕ್ಕೆ ಸಿಗಿಸಲಿ, ಸಾಧ್ಯವಾದರೆ ಎರಡೂ ಕಡೆ ಕಾಲು ಹಾಕಿ ಕೂರಲಿ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೂ 2022ರ ನಿಯಮ ಪುಟ್ಟ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಪಟ್ಟಿ ಹೇಳಿದೆ; ಗಾಡಿ 40 ಕಿಲೋಮೀಟರ್ ಮೀರಬಾರದು. ಮೊಹರಮ್ಮಿಗೆ ಮುದಗಲ್ಲಿನ ಹುಸೇನಿ ಆಲಂ ನೋಡಲು ಸುತ್ತಲ ಹಳ್ಳಿಗಳಿಂದ ಒಂದೊಂದು ಬೈಕಿನಲ್ಲಿ ಇಡೀ ಮನೆಯೇ ಬರುವಾಗ ಈ ನಿಯಮ ಯಾರಿಗೆ ನೆನಪಾಗುತ್ತದೋ.

“ಈ ಬಿಸಲಾಗ ಅದನ್ನ ಹಾಕ್ಕೊಂಡ್ರ ತಲಿ ಕುದಿತೈತ್ರಿ” ಎಂಬ ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. 40 ಡಿಗ್ರಿ ದಾಟುವ ರಾಯಚೂರು ಸೀಮೆಯ ಏಪ್ರಿಲ್ಲು ಕಂಡವರು ಯಾರೂ ತಳ್ಳಿಹಾಕರು. ಆದರೆ ಅದೇ ಬಿಸಿಲಿಗೆ ನಾವು ತಲೆಗೆ ಟವಲ್ಲು ಸುತ್ತುತ್ತೇವೆ. ಆ ಟವಲ್ಲಿನ ಬದಲು ತೆಳುವಾದ ಹತ್ತಿ ಬಟ್ಟೆ ಸುತ್ತಿ, ಬೆವರು ಹೀರಲು ಬಿಟ್ಟು, ಗಾಳಿಕಿಂಡಿ ಇರುವ ಹೆಲ್ಮೆಟ್ ಹಾಕಬಹುದು. ಬಣ್ಣ ಬಿಳಿಯೇ ಇರಲಿ. ಕಪ್ಪಿನಷ್ಟು ಕಾಯುವುದಿಲ್ಲ, ಎದುರಿನವರ ಕಣ್ಣಿಗೂ ಬೀಳುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪು ಹೆಲ್ಮೆಟ್ಟಿನವರಿಗಿಂತ ಬಿಳಿ ಹೆಲ್ಮೆಟ್ಟಿನವರಿಗೆ ಗಾಯದ ಅಪಾಯ ಶೇಕಡ 24ರಷ್ಟು ಕಡಿಮೆ ಕಂಡಿತು.

ಕೊಳ್ಳುವಾಗ ರಸ್ತೆಬದಿಯ ರಾಶಿ ಬೇಡ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಗುರುತಿನ ಮೇಲೆ ಐಎಸ್ 4151 ಎಂದೂ ಕೆಳಗೆ ಲೈಸೆನ್ಸ್ ನಂಬರೂ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿ ನೋಡಬಹುದು. ಹಾಫ್ ಹೆಲ್ಮೆಟ್ಟು ದಂಡಕ್ಕೆ ಹಾಕುವ ಬಟ್ಟಲು ಅಷ್ಟೇ. ಹಾಕಿಕೊಂಡು ಗದ್ದದ ಪಟ್ಟಿ ಬಿಗಿದು, ಹಿಂಬದಿಯಿಂದ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಹೊಸತರಲ್ಲಿ ಕೆನ್ನೆ ತುಸು ಒತ್ತಬೇಕು. ಪಟ್ಟಿ ಹಾಕದ ಹೆಲ್ಮೆಟ್ಟು ತಲೆಗಿಂತ ಮೊದಲು ಹಾರಿಹೋಗುತ್ತದೆ.

ಇನ್ನು ಕೈ-ಕಾಲು. ಬೀಳುವಾಗ ಎಲ್ಲರೂ ಅಂಗೈ ಊರುತ್ತಾರೆ. ಡಾಂಬರು ಮೊದಲು ತಿನ್ನುವುದು ಆ ಚರ್ಮವನ್ನು. ದುಬಾರಿ ಜಾಕೀಟು ಎಲ್ಲರ ಕೈಗೆಟಕದು, ಒಪ್ಪುತ್ತೇನೆ. ಆದರೆ ದಪ್ಪ ಬಟ್ಟೆಯ ತುಂಬುತೋಳಿನ ಅಂಗಿ, ಕೈಗವಸು, ಬೆರಳು ಹಿಮ್ಮಡಿ ಮುಚ್ಚುವ ಬೂಟು ಅಷ್ಟು ದೂರದ ಮಾತಲ್ಲ. ರಬ್ಬರ್ ಚಪ್ಪಲಿಯಲ್ಲಿ ಗೇರು ಹಾಕುವುದನ್ನಾದರೂ ಬಿಡಿ.

ಇಷ್ಟು ಓದಿದವರಲ್ಲಿ ಒಂದು ಬೇಡಿಕೆ. ಇವತ್ತು ಮನೆಗೆ ಹೋದ ಮೇಲೆ ಗಾಡಿಯ ಕೀಲಿಯನ್ನು ಗೂಟಕ್ಕೆ ಹಾಕಬೇಡಿ, ಹೆಲ್ಮೆಟ್ಟಿನೊಳಗೆ ಇಡಿ. ನಾಳೆ ಬೆಳಿಗ್ಗೆ ‘ಇಲ್ಲೇ’ ಹಾಲಿಗೆ ಹೊರಟಾಗಲೂ ಮೊದಲು ಅದೇ ಕೈಗೆ ಬರಲಿ.