ಗಲ್ಲಾಪೆಟ್ಟಿಗೆಯ ಮೇಲೊಂದು ಗಾಜುಗಣ್ಣು

ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿದು ಸೇಲಂ ಮುಟ್ಟುವ 44ನೇ ರಾಷ್ಟ್ರೀಯ ಹೆದ್ದಾರಿಯ ಎರಡೂ ಬದಿಗೆ ಊಟದ ಹೋಟೆಲುಗಳು. ಯಾವುದರೊಳಗೆ ಹೊಕ್ಕರೂ ಗಲ್ಲಾದ ಹತ್ತಿರ ಸಾಮಾನ್ಯವಾಗಿ ಎರಡು ವಸ್ತು ಕಾಣುತ್ತವೆ. ಒಂದು, ಊದುಬತ್ತಿ ಸಿಕ್ಕಿಸಿದ ದೇವರ ಪಟ. ಇನ್ನೊಂದು, ಎಂಟೋ ಹದಿನಾರೋ ಚೌಕಗಳಾಗಿ ಒಡೆದ ಟಿ.ವಿ. ಪರದೆ. ಒಂದು ಚೌಕದಲ್ಲಿ ಪರೋಟ ಕಲ್ಲು, ಒಂದರಲ್ಲಿ ಪಾರ್ಸೆಲ್ ಕಟ್ಟುವ ಜಾಗ, ಮತ್ತೊಂದರಲ್ಲಿ ಸ್ಟೋರ್ ರೂಮಿನ ಬಾಗಿಲು, ನಡುವೆ ಗಲ್ಲಾ. ಕ್ಯಾಮೆರಾ ತನ್ನ ಮೇಲೇ ಕಣ್ಣಿಟ್ಟಿದೆ ಎಂದು ಗಿರಾಕಿ ಅಂದುಕೊಳ್ಳುತ್ತಾನೆ. ಆದರೆ ಗಲ್ಲಾದ ನೆತ್ತಿಯ ಮೇಲಿನದು ನೋಡುತ್ತಿರುವುದು ಬಿಲ್ ಹಾಕುವವನ ಕೈಯನ್ನು.

ಆ ಕೈಯಲ್ಲಿ ಅದಕ್ಕೆ ಕಾಣುವುದಾದರೂ ಏನು? ಲೆಕ್ಕ ಹಾಕಿಯೇ ನೋಡೋಣ.

ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 1,920 ಚುಕ್ಕೆಗಳಿರುತ್ತವೆ. ಅಂಗಡಿಗಳಲ್ಲಿ ಹೆಚ್ಚಾಗಿ ಹಾಕುವುದು 2.8 ಮಿಲಿಮೀಟರಿನ ಲೆನ್ಸು, ಇಡೀ ಕೋಣೆ ಒಂದೇ ಕ್ಯಾಮೆರಾಕ್ಕೆ ಸಿಗಲಿ ಎಂಬ ಆಸೆಯಿಂದ. ಮೂರು ಮೀಟರ್ ದೂರದಲ್ಲಿ ಈ ಲೆನ್ಸಿನ ನೋಟ ಸುಮಾರು ಏಳೂವರೆ ಮೀಟರ್ ಅಗಲಕ್ಕೆ ಹರಡುತ್ತದೆ. ಅಂದರೆ ಒಂದು ಮೀಟರಿಗೆ ಸಿಗುವುದು ಸುಮಾರು 250 ಚುಕ್ಕೆ. ಅಪರಿಚಿತನೊಬ್ಬನ ಮುಖವನ್ನು ಇಂಥವನೇ ಎಂದು ಗುರುತಿಸಲು ಯುರೋಪಿನ ಮಾನದಂಡವೊಂದು ಕೇಳುವುದೂ ಇಷ್ಟನ್ನೇ. ಆರು ಮೀಟರ್ ಆಚೆಗೆ ಇದು ಅರ್ಧಕ್ಕಿಳಿಯುತ್ತದೆ. ಗೊತ್ತಿರುವವನನ್ನು ಇವನೇ ಎನ್ನಬಹುದು, ಅಷ್ಟೇ. ಮುಖದ ಮಾತು ಹಾಗಿರಲಿ, ನಮಗೆ ಬೇಕಾದದ್ದು ನೋಟು. ಐನೂರರ ನೋಟಿನ ಉದ್ದ 150 ಮಿಲಿಮೀಟರ್, ನೂರರದ್ದು 142. ಮೂರು ಮೀಟರಿನಿಂದ ಐನೂರರ ನೋಟು 37 ಚುಕ್ಕೆ ಉದ್ದ ಕಂಡರೆ ನೂರರದ್ದು 35 ಚುಕ್ಕೆ. ಇನ್ನು ಬಣ್ಣ ನೋಡಿ ಹೇಳಬೇಕು. ಬೆಳಕು ಕಡಿಮೆಯಾಗಿ ಕ್ಯಾಮೆರಾ ಅವಗೆಂಪು ದೀಪ ಹೊತ್ತಿಸಿಕೊಂಡಿತೋ, ಚಿತ್ರ ಕಪ್ಪುಬಿಳುಪಾಗಿ ಆ ದಾರಿಯೂ ಮುಚ್ಚುತ್ತದೆ.

ಇದಕ್ಕೆ ಮದ್ದು ಹೆಚ್ಚು ಕ್ಯಾಮೆರಾ ಅಲ್ಲ, ಬೇರೆ ಲೆನ್ಸು. ಅದೇ ಜಾಗದಲ್ಲಿ 6 ಮಿಲಿಮೀಟರಿನದು ಹಾಕಿದರೆ ನೋಟದ ಅಗಲ ಮೂರು ಮೀಟರಿಗೆ ಇಳಿದು, ಐನೂರರ ನೋಟಿಗೆ ಹತ್ತಿರ ಹತ್ತಿರ ನೂರು ಚುಕ್ಕೆ ಸಿಗುತ್ತವೆ. ಕೋಣೆಯ ಉಳಿದ ಭಾಗ ಕಾಣುವುದಿಲ್ಲ. ಕಾಣದಿದ್ದರೆ ಬೇಡ. ಎಲ್ಲವನ್ನೂ ನೋಡುವ ಕ್ಯಾಮೆರಾ ಏನನ್ನೂ ಸರಿಯಾಗಿ ನೋಡುವುದಿಲ್ಲ ಎಂಬುದನ್ನು ಅಳವಡಿಸುವ ಹುಡುಗರು ಬಲ್ಲರು, ಮಾಲೀಕರು ಒಪ್ಪುವುದಿಲ್ಲ.

ಇನ್ನೊಂದು ತೊಡಕು ಚಿತ್ರದ ಒಳಗೇ ಇದೆ. ಸೆಕೆಂಡಿಗೆ 25 ಚಿತ್ರಗಳಂತೆ ಹಸಿಹಸಿಯಾಗಿ ಉಳಿಸಿದರೆ ಒಂದೇ ಕ್ಯಾಮೆರಾ ದಿನಕ್ಕೆ 13 ಟೆರಾಬೈಟ್ ನುಂಗುತ್ತದೆ. ಅದಕ್ಕಾಗಿ ಎಚ್.265ರಂಥ ಕುಗ್ಗಿಸುವ ವಿಧಾನ. ಆಗಾಗ ಒಂದು ಪೂರ್ತಿ ಚಿತ್ರ ಬರೆದಿಟ್ಟುಕೊಂಡು, ನಡುವಿನ ಚಿತ್ರಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆಯುವುದು ಇದರ ಉಪಾಯ. ಗೋಡೆ, ಮೇಜು, ದೇವರ ಪಟಕ್ಕೆ ಹೆಚ್ಚು ಖರ್ಚಿಲ್ಲ. ಹೀಗೆ ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಳಿಸಿದರೆ ಕ್ಯಾಮೆರಾ ಒಂದಕ್ಕೆ ದಿನಕ್ಕೆ 21.6 ಗಿಗಾಬೈಟ್ ಸಾಕು. ಎಂಟು ಕ್ಯಾಮೆರಾದ ಹೋಟೆಲಿನಲ್ಲಿ 2 ಟೆರಾಬೈಟಿನ ಡಿಸ್ಕು ಹನ್ನೊಂದೂವರೆ ದಿನಕ್ಕೆ ತುಂಬಿ, ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯಲು ಶುರುಮಾಡುತ್ತದೆ. ಈ ಜಿಪುಣತನಕ್ಕೆ ಬೆಲೆಯೂ ಇದೆ. ಕೈ ಸರ‍್ರನೆ ಆಡಿದ ಕ್ಷಣದಲ್ಲೇ ಬದಲಾವಣೆ ಹೆಚ್ಚು, ಹಾಗಾಗಿ ಆ ಕ್ಷಣದಲ್ಲೇ ಚಿತ್ರ ಹೆಚ್ಚು ಕಲಸಿಹೋಗುತ್ತದೆ. ಮಂದ ಬೆಳಕಿನಲ್ಲಿ ಒಂದೊಂದು ಚಿತ್ರಕ್ಕೂ ಸೆಕೆಂಡಿನ 25ನೇ ಒಂದು ಭಾಗ ತೆರೆದುಕೊಂಡಿರುವ ಕಣ್ಣಿನ ಮುಂದೆ, ಸೆಕೆಂಡಿಗೆ ಒಂದು ಮೀಟರ್ ಸಾಗುವ ಕೈ ನಾಲ್ಕು ಸೆಂಟಿಮೀಟರಿನಷ್ಟು ಸವರಿಕೊಂಡು ಕಾಣುತ್ತದೆ. ಗೋಡೆ ಮಾತ್ರ ಕನ್ನಡಿಯಂತೆ ಸ್ವಚ್ಛ. ಅಡುಗೆಮನೆಯ ಎಣ್ಣೆ ಜಿಡ್ಡು ಲೆನ್ಸಿನ ಮುಂದಿನ ಗಾಜಿಗೆ ಹತ್ತಿದರಂತೂ ರಾತ್ರಿಯ ಅವಗೆಂಪು ಬೆಳಕು ಅಲ್ಲೇ ಚದುರಿ ಪರದೆಯೆಲ್ಲ ಮಂಜು.

ಹಾಗಾದರೆ ಗಲ್ಲಾದ ಕಳ್ಳತನ ಸಿಕ್ಕಿಬೀಳುವುದೇ ಇಲ್ಲವೇ? ಬೀಳುತ್ತದೆ, ಆದರೆ ಬರೀ ಚಿತ್ರದಿಂದ ಅಲ್ಲ. ಒಳಗಿನವನ ಕಳ್ಳತನಕ್ಕೆ ಕಳ್ಳತನದ ಚಹರೆ ಇರುವುದಿಲ್ಲ. ದುಡ್ಡು ಪಡೆದು ಬಿಲ್ ಹಾಕದೆ ಬಿಡುವುದು, ಹಾಕಿದ ಬಿಲ್ಲನ್ನು ಗಿರಾಕಿ ಹೋದಮೇಲೆ ಕ್ಯಾನ್ಸಲ್ ಮಾಡುವುದು, ಗೆಳೆಯನಿಗೆ ನಾಲ್ಕು ಪರೋಟ ಕಟ್ಟಿಕೊಟ್ಟು ಎರಡಕ್ಕೆ ಬಿಲ್ ಕೊಡುವುದು, ಅಂಗಡಿಯ ಕ್ಯೂಆರ್ ಬದಲು ತನ್ನ ಮೊಬೈಲಿನದು ತೋರಿಸುವುದು. ಕ್ಯಾಮೆರಾದ ಕಣ್ಣಿಗೆ ಇವೆಲ್ಲ ಮಾಮೂಲಿ ವ್ಯಾಪಾರದ ದೃಶ್ಯಗಳೇ. 8 ಗಂಟೆ 14 ನಿಮಿಷಕ್ಕೆ ಗಲ್ಲಾ ತೆರೆದುಕೊಂಡಿತು ಎನ್ನುತ್ತದೆ ಚಿತ್ರ. ಆ ಹೊತ್ತಿಗೆ ಬಿಲ್ಲೇ ಇಲ್ಲ ಎನ್ನುತ್ತದೆ ಕಂಪ್ಯೂಟರು. ಕಳ್ಳತನ ಇರುವುದು ಈ ಎರಡು ಹೇಳಿಕೆಗಳ ನಡುವಿನ ಬಿರುಕಿನಲ್ಲಿ. ಅದಕ್ಕೇ ಈಗಿನ ಕೆಲವು ಯಂತ್ರಗಳು ಬಿಲ್ಲಿನ ಸಾಲುಗಳನ್ನು ವಿಡಿಯೋ ಮೇಲೆಯೇ ಅಚ್ಚೊತ್ತುತ್ತವೆ.

ಇಲ್ಲಿ ಎಲ್ಲವನ್ನೂ ಕೆಡಿಸುವುದು ಗಡಿಯಾರ. ರೆಕಾರ್ಡಿಂಗ್ ಪೆಟ್ಟಿಗೆಯೊಳಗೆ ಸೆಕೆಂಡಿಗೆ 32,768 ಸಲ ಮಿಡಿಯುವ ಹರಳೊಂದಿರುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪು ಅದರ ಪಾಲಿಗೆ ಸಹಜ. ದಿನಕ್ಕೆ ಎರಡು ಸೆಕೆಂಡೂ ಆಗದ ಈ ತಪ್ಪು ವರ್ಷಕ್ಕೆ ಹತ್ತು ನಿಮಿಷವಾಗುತ್ತದೆ. ಊಟದ ಹೊತ್ತಿನ ಹತ್ತು ನಿಮಿಷದಲ್ಲಿ ಎಷ್ಟು ಬಿಲ್ ಹರಿಯುತ್ತವೆ! ಕ್ಯಾಮೆರಾದ ಸಮಯಕ್ಕೂ ಬಿಲ್ಲಿನ ಸಮಯಕ್ಕೂ ತಾಳೆಯಾಗದೆ, ಮಾಡದ ತಪ್ಪಿಗೆ ಮನೆಗೆ ಹೋದ ಹುಡುಗರು ಇರಲಾರರು ಎಂದು ನಾನಂತೂ ಹೇಳಲಾರೆ. ಇಂಟರ್ನೆಟ್ಟಿನಿಂದ ತಾನೇ ಸಮಯ ಸರಿಪಡಿಸಿಕೊಳ್ಳುವ ಒಂದು ಆಯ್ಕೆ ಮೆನುವಿನಲ್ಲಿ ಇದ್ದೇ ಇರುತ್ತದೆ. ಅದನ್ನು ಒತ್ತಲು ಕಾಸು ಬೇಕಿಲ್ಲ.

ಕಣ್ಣಿಗಿಂತ ಲೆಕ್ಕ ಮುಖ್ಯ ಎಂಬುದು ಹಳೆಯ ಅನುಭವ. ಅಮೆರಿಕದ ಓಹಾಯೋದ ಡೇಟನ್ ಊರಲ್ಲಿ ಜೇಮ್ಸ್ ರಿಟಿ ಎಂಬವನ ಸಾರಾಯಿ ಅಂಗಡಿಯಿತ್ತು. ಕೆಲಸಗಾರರು ದುಡ್ಡು ಜೇಬಿಗಿಳಿಸುತ್ತಾರೆಂಬುದೇ ಅವನ ಕೊರಗು. ಯುರೋಪಿಗೆ ಹೊರಟ ಹಡಗಿನಲ್ಲಿ, ಹಡಗು ತಳ್ಳುವ ಚಕ್ರದ ಸುತ್ತುಗಳನ್ನು ಎಣಿಸುವ ಯಂತ್ರ ಕಂಡ. ಚಕ್ರದ ಸುತ್ತು ಎಣಿಸಬಹುದಾದರೆ ವ್ಯಾಪಾರವನ್ನೇಕೆ ಎಣಿಸಬಾರದು? ಅಣ್ಣತಮ್ಮ ಸೇರಿ ಕಟ್ಟಿದ ಯಂತ್ರಕ್ಕೆ 1879ರಲ್ಲಿ ಪೇಟೆಂಟ್ ಸಿಕ್ಕಿತು. ಜಗತ್ತಿನ ಮೊದಲ ಕ್ಯಾಶ್ ರಿಜಿಸ್ಟರ್ ಹುಟ್ಟಿದ್ದು ಹೀಗೆ, ಮಾಲೀಕನ ಸಂಶಯದಿಂದ. ಗಲ್ಲಾ ತೆರೆದಾಗ ಬಾರಿಸುವ ಗಂಟೆ ಆಮೇಲೆ ಬಂತು, ಒಳಗಿರುವ ಮಾಲೀಕನ ಕಿವಿಗೆ ಬೀಳಲೆಂದು.

ಆ ಯಂತ್ರದ ಮೊಮ್ಮಗನೆನ್ನಬಹುದಾದ ಒಂದು ಸಾಫ್ಟ್‌ವೇರನ್ನು ಅಮೆರಿಕದ 392 ರೆಸ್ಟೋರೆಂಟುಗಳಲ್ಲಿ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಲಾಮಾರ್ ಪಿಯರ್ಸ್, ಡೇನಿಯಲ್ ಸ್ನೋ, ಆಂಡ್ರ್ಯೂ ಮೆಕಾಫಿ ಅದರ ಲೇಖಕರು. ಆ ಸಾಫ್ಟ್‌ವೇರಿಗೆ ಕಣ್ಣಿಲ್ಲ, ಬಿಲ್ಲುಗಳಲ್ಲಿನ ಅನುಮಾನದ ನಡೆಗಳನ್ನು ಹೆಕ್ಕಿ ಮ್ಯಾನೇಜರಿಗೆ ತಿಳಿಸುವುದಷ್ಟೇ ಅದರ ಕೆಲಸ. ಪತ್ತೆಯಾಗುವಂಥ ಕಳ್ಳತನ ಸುಮಾರು ಶೇಕಡ 22ರಷ್ಟು ಇಳಿಯಿತು. ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇತ್ತು: ವ್ಯಾಪಾರ ಶೇಕಡ 7ರಷ್ಟು ಏರಿತು. ಕದ್ದು ಗಳಿಸುವ ದಾರಿ ಮುಚ್ಚಿದಾಗ ಅದೇ ಕೆಲಸಗಾರರು ಗಿರಾಕಿಗಳನ್ನು ಚೆನ್ನಾಗಿ ನೋಡಿಕೊಂಡು ಟಿಪ್ಸ್ ಹೆಚ್ಚಿಸಿಕೊಂಡರು ಎಂಬುದು ಲೇಖಕರ ವಿವರಣೆ. ನಮ್ಮ ಹೆದ್ದಾರಿ ಹೋಟೆಲಿನಲ್ಲಿ ಟಿಪ್ಸು ಎಷ್ಟು ಬರುತ್ತದೆಂದು ನಿಮಗೇ ಗೊತ್ತು. ಲಾಭದ ದಾರಿಯಿಲ್ಲದ ಕಡೆ ಅದೇ ಫಲ ನಿರೀಕ್ಷಿಸುವಂತಿಲ್ಲ.

ಸೇಲಂನವರಿಗೆ ಲೆಕ್ಕದ ಕಾವಲು ಹೊಸದೇನಲ್ಲ. ಶೆವ್ವಾಪೇಟೆಯ ಬೆಳ್ಳಿ ಕೆಲಸದಲ್ಲಿ, ಅಲ್ಲಿನವರು ಕೊಲುಸು ಎನ್ನುವ ಕಾಲ್ಗೆಜ್ಜೆ ಒಂದೇ ಕೈಯಲ್ಲಿ ಮುಗಿಯುವುದಿಲ್ಲ. ಕರಗಿಸುವವರು, ತಂತಿ ಎಳೆಯುವವರು, ಕೊಂಡಿ ಬೆಸೆಯುವವರು, ಮೆರುಗು ಕೊಡುವವರು ಬೇರೆ ಬೇರೆ. ಬೆಳ್ಳಿ ತೂಗಿ ಕೊಡುತ್ತಾರೆ, ಸರಕು ತೂಗಿ ಪಡೆಯುತ್ತಾರೆ, ನಡುವಿನ ಸವಕಳಿಗೆ ಇಷ್ಟೆಂದು ಕಟ್ಟು. ಉಗುರಿನ ಸಂದಿನ ಬೆಳ್ಳಿಪುಡಿಯನ್ನು ಯಾವ ಕ್ಯಾಮೆರಾ ಕಂಡೀತು? ತಕ್ಕಡಿ ಕಾಣುತ್ತದೆ. ಪರೋಟ ಅಂಗಡಿಯಲ್ಲೂ ಅಷ್ಟೇ. ಸಂಜೆ ಕಟ್ಟಿಟ್ಟ ಮೈದಾ ಉಂಡೆಗಳನ್ನು ಎಣಿಸಿ, ರಾತ್ರಿ ಉಳಿದದ್ದನ್ನು ಕಳೆದು, ಬಿಲ್ಲಿನೊಂದಿಗೆ ತಾಳೆ ನೋಡಿದರೆ ಎಂಟು ಕ್ಯಾಮೆರಾ ಹೇಳದ್ದು ಗೊತ್ತಾಗುತ್ತದೆ. ಯಾವ ದಿನ, ಯಾವ ಹೊತ್ತು ಎಂದು ಹುಡುಕಲು ಆಮೇಲೆ ಕ್ಯಾಮೆರಾ ಬೇಕು.

ಸಿಕ್ಕಿತು ಅನ್ನಿ. ನೌಕರನೇ ಮಾಲೀಕನ ಸ್ವತ್ತು ಕದ್ದರೆ ಭಾರತೀಯ ನ್ಯಾಯ ಸಂಹಿತೆಯ 306ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯುಂಟು. ಆದರೆ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸಾಪಿಗೆ ಹಾಕಿದರೆ ಅದು ಸಾಕ್ಷ್ಯವಾಗದು, ಹುಡುಗನ ಮಾನ ಕಳೆದಂತಾಗುತ್ತದೆ ಅಷ್ಟೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಕೇಳುತ್ತದೆ, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆ ಬರೆಯಬೇಕು. ಕಡತದ ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ತಿದ್ದಿಲ್ಲ ಎಂಬುದಕ್ಕೆ ಅದೇ ಆಧಾರ.

ಚಿತ್ರ ಹಿಡಿಯಲು ನೌಕರನ ಒಪ್ಪಿಗೆ ಬೇಕೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ಮಾಲೀಕನನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಒಪ್ಪಿಗೆಯಿಲ್ಲದೆಯೂ ದತ್ತಾಂಶ ಬಳಸಲು ದಾರಿ ಬಿಟ್ಟಿದೆ. ಬಟ್ಟೆ ಬದಲಿಸುವ ಜಾಗದಲ್ಲಿ ಕ್ಯಾಮೆರಾ ಇಡುವುದು ಮಾತ್ರ ಅಪರಾಧವೇ. ಇವೆರಡರ ನಡುವೆ ದೊಡ್ಡ ಬಯಲಿದೆ. ಗಲ್ಲಾ ಕಾಯಲೆಂದು ಬಂದ ಕ್ಯಾಮೆರಾ ನಿಧಾನಕ್ಕೆ ಯಾರು ಎಷ್ಟು ಹೊತ್ತು ನೀರು ಕುಡಿಯಲು ಹೋದರು, ಯಾರು ಗೋಡೆಗೆ ಒರಗಿದರು ಎಂದು ಎಣಿಸತೊಡಗುತ್ತದೆ. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾದ ಹೆಣ್ಣುಮಕ್ಕಳಿಗೆ ಈ ಕಣ್ಣಿನ ಭಯ ಹೊಸ ಭಾರ. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ತಮಿಳುನಾಡು 2021ರಲ್ಲಿ ತನ್ನ 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಆಸನ ಇದೆಯೋ ಇಲ್ಲವೋ, ಅದರ ಮೇಲೆ ಯಾರಾದರೂ ಕೂತರೋ ಇಲ್ಲವೋ ಎಂಬುದೂ ಅದೇ ಡಿಸ್ಕಿನಲ್ಲಿ ದಾಖಲಾಗುತ್ತಿದೆ. ಅದನ್ನು ಹಿಂದಕ್ಕೆ ತಿರುಗಿಸಿ ನೋಡುವ ಪಾಸ್‌ವರ್ಡು ಮಾತ್ರ ಒಬ್ಬರ ಕೈಯಲ್ಲೇ ಇದೆ.