ಮಂದೆಯನ್ನು ಕಾಯುವ ಅರಸ
(ಕ್ರಿಸ್ತರಾಜರ ಮಹೋತ್ಸವದ ಚಿಂತನೆ)



ಕೆಲವು ವರ್ಷಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ದೇವಾಲಯದ ಬಾಗಿಲ ಬಳಿ ನನಗಾಗಿ ಕಾದು ನಿಂತಿದ್ದರು. ಅವರ ಮಗ ಸೈನ್ಯಕ್ಕೆ ಸೇರಿದ್ದ. "ಫಾದರ್, ಕೊಲ್ಲುವುದು ಪಾಪವೆಂದು ಚಿಕ್ಕಂದಿನಿಂದ ಅವನಿಗೆ ಹೇಳಿಕೊಟ್ಟೆ. ಈಗ ಅವನು ಗಡಿಯಲ್ಲಿ ಬಂದೂಕು ಹಿಡಿದು ನಿಂತಿದ್ದಾನೆ. ಅವನಿಗಾಗಿ ಏನೆಂದು ಪ್ರಾರ್ಥಿಸಲಿ?" ಎಂದು ಕೇಳಿದರು. ಅಂದು ನಾನು ಅವರನ್ನು ಆಶೀರ್ವದಿಸಿ ಕಳುಹಿಸಿದೆನೇ ಹೊರತು ಸರಿಯಾದ ಉತ್ತರ ಕೊಡಲಿಲ್ಲ. ಕ್ರಿಸ್ತರಾಜರ ಹಬ್ಬ ಬಂದಾಗಲೆಲ್ಲ ಆ ಪ್ರಶ್ನೆ ನನಗೆ ನೆನಪಾಗುತ್ತದೆ.

ಈ ಹಬ್ಬವನ್ನು ಜಗದ್ಗುರು ಹನ್ನೊಂದನೇ ಪಯಸ್ ಅವರು 1925ರಲ್ಲಿ ಸ್ಥಾಪಿಸಿದರು. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಸೈನಿಕರೂ ನಾಗರಿಕರೂ ಸೇರಿ ಒಂದು ಕೋಟಿಗೂ ಹೆಚ್ಚು ಜನ ಸತ್ತಿದ್ದರು. ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿದ್ದವು. ಯುದ್ಧ ನಿಂತಿತ್ತು, ಆದರೆ ಶಾಂತಿ ಬಂದಿರಲಿಲ್ಲ. ಅಂಥ ಕಾಲದಲ್ಲಿ ಧರ್ಮಸಭೆಯು ಜಗತ್ತಿಗೆ ಬೇರೊಬ್ಬ ಅರಸರನ್ನು ತೋರಿಸಿತು. ಹಾಗಾದರೆ ಪವಿತ್ರ ಬೈಬಲ್ಲಿನ ದೃಷ್ಟಿಯಲ್ಲಿ ಒಳ್ಳೆಯ ಅರಸ ಯಾರು?

ಮೂರು ವರ್ಷಗಳ ವಾಚನ ಕ್ರಮದ ಮೂರನೆಯ ವರ್ಷದಲ್ಲಿ ಈ ಹಬ್ಬದಂದು ನಾವು ದಾವೀದನ ಅಭಿಷೇಕದ ಪ್ರಸಂಗವನ್ನು ಕೇಳುತ್ತೇವೆ (2 ಸಮುವೇಲ 5:1-3). ಇಸ್ರಯೇಲಿನ ಕುಲಗಳು ಹೆಬ್ರೋನಿಗೆ ಬಂದು ಅವನಿಗೆ ಎರಡು ವಿಷಯಗಳನ್ನು ನೆನಪಿಸುತ್ತವೆ: ಯುದ್ಧಗಳಲ್ಲಿ ತಮ್ಮನ್ನು ಮುನ್ನಡೆಸಿದವನು ಅವನೇ, ತಮಗೆ ಕುರುಬನಾಗಿರಲು ಸರ್ವೇಶ್ವರನು ಆರಿಸಿಕೊಂಡದ್ದೂ ಅವನನ್ನೇ. ಸೇನಾಪತಿಯ ಕೆಲಸ ಕುರುಬನ ಕೆಲಸದೊಳಗೆ ಅಡಗಿದೆ ಎಂಬುದನ್ನು ಗಮನಿಸಿರಿ. ಕುರುಬ ಕೋಲು ಹಿಡಿಯುವುದು ಕುರಿಗಳಿಗಾಗಿ, ಕೋಲಿನ ಹೆಮ್ಮೆಗಾಗಿ ಅಲ್ಲ.

ದಾವೀದ ಬಾಲ್ಯದಲ್ಲೇ ಇದನ್ನು ಕಲಿತಿದ್ದ. ತಂದೆಯ ಕುರಿಯನ್ನು ಸಿಂಹವೋ ಕರಡಿಯೋ ಹೊತ್ತೊಯ್ದರೆ ಬೆನ್ನಟ್ಟಿ ಬಿಡಿಸಿಕೊಂಡು ಬರುತ್ತಿದ್ದ (1 ಸಮುವೇಲ 17:34-35). ಮುಂದೆ ಅಮಾಲೇಕ್ಯರು ಚಿಕ್ಲಗ್ ಊರನ್ನು ಸುಟ್ಟು ಹೆಂಗಸರನ್ನೂ ಮಕ್ಕಳನ್ನೂ ಸೆರೆ ಒಯ್ದಾಗ, ಅವನು ಮೊದಲು ದೇವರನ್ನು ವಿಚಾರಿಸಿ, ನಂತರ ಹೊರಟು ಎಲ್ಲರನ್ನೂ ಬಿಡಿಸಿ ತಂದ. ದಣಿದು ಹಳ್ಳದ ಈಚೆಗೇ ಉಳಿದ 200 ಮಂದಿಗೂ ಹೋರಾಡಿದವರಷ್ಟೇ ಪಾಲು ಕೊಡಿಸಿದ (1 ಸಮುವೇಲ 30). ಬಲಹೀನರನ್ನು ಮರೆಯದ ನಾಯಕತ್ವವೆಂದರೆ ಇದು.

ಆದರೆ ಬೈಬಲ್ ಅರಸರನ್ನು ಹೊಗಳುವುದಕ್ಕಾಗಿ ಬರೆದ ಗ್ರಂಥವಲ್ಲ. ಅರಸರು ಯುದ್ಧಕ್ಕೆ ಹೊರಡುವ ಕಾಲದಲ್ಲಿ ದಾವೀದ ಅರಮನೆಯಲ್ಲಿಯೇ ಉಳಿದ. ಊರೀಯನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡ. ಪಾಪವನ್ನು ಮುಚ್ಚಲು ಊರೀಯನನ್ನು ಯುದ್ಧದ ಅತಿ ಘೋರವಾದ ಕಡೆ ನಿಲ್ಲಿಸಿ ಕೊಲ್ಲಿಸಿದ (2 ಸಮುವೇಲ 11). ತಾನು ಕಾಯಬೇಕಾದವನನ್ನೇ ಅವನು ಶತ್ರುವಿನ ಕತ್ತಿಯಿಂದ ಕೊಂದಿದ್ದ. ಹೊರಗಿನವರಿಗೆ ಅದು ಸೈನಿಕನೊಬ್ಬನ ವೀರಮರಣದಂತೆ ಕಂಡಿರಬಹುದು. ದೇವರ ಕಣ್ಣಿಗೆ ಅದು ಕೊಲೆಯೇ. ಪ್ರವಾದಿ ನಾತಾನ ಬಂದು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದಾಗ ಕುರುಬನಾಗಿದ್ದ ಅರಸನ ಕಣ್ಣು ತೆರೆಯಿತು. ಬಹಳ ರಕ್ತ ಸುರಿಸಿದ ಕೈಗಳು ತನ್ನ ಆಲಯವನ್ನು ಕಟ್ಟಬಾರದೆಂದೂ ದೇವರು ಅವನಿಗೆ ತಿಳಿಸಿದರು (1 ಪೂರ್ವಕಾಲ ವೃತ್ತಾಂತ 22:8).

ಹಾಗಾದರೆ ಆಯುಧ ಹಿಡಿಯುವುದೇ ತಪ್ಪೇ? ಸ್ನಾನಿಕ ಯೊವಾನ್ನರ ಬಳಿಗೆ ಸೈನಿಕರು ಬಂದು ತಾವೇನು ಮಾಡಬೇಕೆಂದು ಕೇಳಿದರು. ಅವರು ಸೈನ್ಯವನ್ನು ಬಿಟ್ಟುಬಿಡಿ ಎನ್ನಲಿಲ್ಲ. ಯಾರನ್ನೂ ಬೆದರಿಸಿ ಸುಲಿಯಬೇಡಿ, ಸುಳ್ಳು ದೂರು ಹೊರಿಸಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ ಎಂದು ತಿಳಿಹೇಳಿದರು (ಲೂಕ 3:14). 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು, ಇತರರ ಪ್ರಾಣದ ಹೊಣೆ ಹೊತ್ತವರಿಗೆ ರಕ್ಷಣೆಯು ಹಕ್ಕು ಮಾತ್ರವಲ್ಲ, ಗಂಭೀರ ಕರ್ತವ್ಯವೂ ಆಗಬಹುದೆಂದು ಕಲಿಸುತ್ತದೆ (2265).

ಆದರೆ ಅದೇ ಗ್ರಂಥ ನಾಯಕರ ಮುಂದೆ ಕಠಿಣವಾದ ನಾಲ್ಕು ಷರತ್ತುಗಳನ್ನು ಇಡುತ್ತದೆ (2309). ಆಕ್ರಮಣದಿಂದಾಗುವ ಹಾನಿ ಶಾಶ್ವತವೂ ಘೋರವೂ ಖಚಿತವೂ ಆಗಿರಬೇಕು. ಅದನ್ನು ತಡೆಯುವ ಬೇರೆಲ್ಲ ದಾರಿಗಳೂ ನಿಷ್ಫಲವೆಂದು ತಿಳಿದಿರಬೇಕು. ಯಶಸ್ಸಿನ ನಿಜವಾದ ಭರವಸೆ ಇರಬೇಕು. ಆಯುಧದಿಂದ ಆಗುವ ಕೇಡು ನಿವಾರಿಸಬೇಕಾದ ಕೇಡಿಗಿಂತ ದೊಡ್ಡದಾಗಬಾರದು. ಇದಕ್ಕೆ ಹೋಲುವ ಒಂದು ಎಚ್ಚರ ಬಹಳ ಹಿಂದೆ ಧರ್ಮೋಪದೇಶಕಾಂಡದಲ್ಲಿಯೂ ಇತ್ತು: ದೂರದ ಊರನ್ನು ಮುತ್ತುವ ಮೊದಲು ಸಂಧಿಗೆ ಕರೆಯಬೇಕು, ಹಣ್ಣಿನ ಮರಗಳನ್ನು ಕಡಿಯಬಾರದು (ಅಧ್ಯಾಯ 20). ಅದೇ ಅಧ್ಯಾಯದಲ್ಲಿ ಊರುಗಳನ್ನು ಸಂಪೂರ್ಣ ನಾಶಮಾಡುವ ಭಯಂಕರ ಮಾತೂ ಇದೆ. ಅಂಥ ಭಾಗಗಳನ್ನು ನಾವು ಕ್ರಿಸ್ತರ ಬೆಳಕಿನಲ್ಲಿಯೇ ಓದಬೇಕು, ಇಂದಿನ ಯುದ್ಧಗಳಿಗೆ ಅಪ್ಪಣೆ ಚೀಟಿಯೆಂದು ಅಲ್ಲ. ಇಡೀ ನಗರಗಳನ್ನು ವಿವೇಚನೆಯಿಲ್ಲದೆ ನಾಶಮಾಡುವುದು ದೇವರಿಗೂ ಮಾನವನಿಗೂ ಎಸಗುವ ಅಪರಾಧವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಸಾರಿತು. ಇಂದಿನ ಬಾಂಬುಗಳು ಹಣ್ಣಿನ ಮರವನ್ನಷ್ಟೇ ಅಲ್ಲ, ಮರದ ಕೆಳಗೆ ಆಡುವ ಮಗುವನ್ನೂ ಉಳಿಸುವುದಿಲ್ಲ. ಆದ್ದರಿಂದ ಆ ಷರತ್ತುಗಳನ್ನು ಪೂರೈಸುವುದು ಈಗ ಬಹಳ ಕಷ್ಟವೆಂದು ಜಗದ್ಗುರು ಫ್ರಾನ್ಸಿಸ್ ಅವರು 2020ರಲ್ಲಿ ಎಚ್ಚರಿಸಿದರು.

ದಾವೀದನ ಕಥೆಯ ಕೊನೆಯಲ್ಲಿ ಒಂದು ಮನಮಿಡಿಯುವ ಘಟನೆ ಇದೆ. ತನ್ನ ತಪ್ಪಿನಿಂದ ಜನರು ವ್ಯಾಧಿಗೆ ತುತ್ತಾಗುವುದನ್ನು ಕಂಡು, ಈ ಕುರಿಗಳು ಮಾಡಿದ್ದೇನು, ಶಿಕ್ಷೆ ತನ್ನ ಮೇಲೂ ತನ್ನ ಮನೆತನದ ಮೇಲೂ ಇರಲಿ ಎಂದು ಅವನು ದೇವರಿಗೆ ಮೊರೆಯಿಟ್ಟ (2 ಸಮುವೇಲ 24:17). ದಾವೀದನ ಬಾಯಿಂದ ಬಂದ ಆ ಮಾತನ್ನು ಅವನ ವಂಶದಲ್ಲಿ ಹುಟ್ಟಿದ ಯೇಸುಸ್ವಾಮಿ ಶಿಲುಬೆಯ ಮೇಲೆ ಪೂರೈಸಿದರು. ನೀನು ಅರಸನಾದರೆ ನಿನ್ನನ್ನು ನೀನೇ ರಕ್ಷಿಸಿಕೋ ಎಂದು ಸೈನಿಕರು ಅವರನ್ನು ಹಂಗಿಸಿದರು. ಅವರು ತಮ್ಮನ್ನು ರಕ್ಷಿಸಿಕೊಳ್ಳಲಿಲ್ಲ, ಪಕ್ಕದಲ್ಲಿದ್ದ ಅಪರಾಧಿಯನ್ನು ರಕ್ಷಿಸಿದರು. ಲೋಕದ ಅರಸರು ತಮಗಾಗಿ ಪ್ರಜೆಗಳ ಪ್ರಾಣ ಕೇಳುತ್ತಾರೆ. ನಮ್ಮ ಅರಸರು ಪ್ರಜೆಗಳಿಗಾಗಿ ತಮ್ಮ ಪ್ರಾಣವನ್ನೇ ಕೊಟ್ಟರು. ಪ್ರತಿಯೊಬ್ಬ ನಾಯಕನನ್ನೂ, ಮನೆಯ ಯಜಮಾನನನ್ನೂ, ಗುರುವಾದ ನನ್ನನ್ನೂ ಅಳೆಯುವ ಅಳತೆಗೋಲು ಇದೇ.

ಆ ತಾಯಿಗೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತಿದ್ದೇನೆ. ಅಮ್ಮಾ, ನಿಮ್ಮ ಮಗ ಸುರಕ್ಷಿತವಾಗಿ ಮನೆಗೆ ಬರಲೆಂದು ಪ್ರಾರ್ಥಿಸಿರಿ. ಕಾಯುವುದಕ್ಕಾಗಿ ನಿಂತ ಅವನ ಹೃದಯದಲ್ಲಿ ದ್ವೇಷ ಬೇರೂರದಿರಲಿ ಎಂದು ಪ್ರಾರ್ಥಿಸಿರಿ. ಅವನಂಥವರನ್ನು ಕಳುಹಿಸುವ ನಾಯಕರು ಊರೀಯನನ್ನು ನೆನಪಿಟ್ಟುಕೊಳ್ಳಲಿ ಎಂದು ಬೇಡಿಕೊಳ್ಳಿರಿ. ಗಡಿಯ ಆಚೆಗೂ ಒಬ್ಬ ತಾಯಿ ಮಗನಿಗಾಗಿ ಕಾದಿದ್ದಾಳೆ. ಜಪಮಾಲೆಯ ಒಂದು ಮಣಿ ಅವಳಿಗಾಗಿಯೂ ಇರಲಿ.

ಶಾಂತಿಯ ಅರಸರಾದ ಕ್ರಿಸ್ತರು ನಮ್ಮೆಲ್ಲರ ಮನೆಗಳನ್ನು ಆಳಲಿ. ಆಮೆನ್.