ನಿಮಗಿದು ಗೊತ್ತೆ? ರಕ್ತನಾಳದ ಮೂಲಕವೇ ಪೂರ್ತಿ ಊಟ!

ಬಾಯಿಗೆ ಒಂದು ತುತ್ತೂ ಹಾಕದೆ, ರಕ್ತನಾಳದ ಮೂಲಕವೇ ಆಹಾರ ಕೊಟ್ಟು ಜೀವವನ್ನು ಬೆಳೆಸಬಹುದೆಂಬ ನಂಬಿಕೆ ಹುಟ್ಟಿಸಿದ್ದು ಬೀಗಲ್ ನಾಯಿಮರಿಗಳು. 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಯುವ ಶಸ್ತ್ರವೈದ್ಯ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಗ್ಲೂಕೋಸ್, ಪ್ರೋಟೀನ್ ಅಂಶ, ಲವಣ, ವಿಟಮಿನ್‌ಗಳ ದ್ರಾವಣದಲ್ಲೇ ಮರಿಗಳನ್ನು ಸಾಕಿದರು. ಉಂಡು ಬೆಳೆದ ಒಡಹುಟ್ಟುಗಳಿಗೆ ಅವು ಸರಿಸಮನಾಗಿ ಬೆಳೆದವು! 1967ರಲ್ಲಿ ಫಿಲಡೆಲ್ಫಿಯಾದಲ್ಲಿ, ಕರುಳು ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಹೆಣ್ಣುಕೂಸಿಗೂ ಇದೇ ಚಿಕಿತ್ಸೆ ಕೊಟ್ಟರು. ಸೊರಗಿದ್ದ ಕೂಸು ಮೈತುಂಬಿಕೊಂಡಿತು. ಕೊನೆಗೆ ಅದು ಉಳಿಯಲಿಲ್ಲವೆಂಬುದು ನೋವಿನ ಸಂಗತಿ.

ಕೈಗೆ ಹಾಕುವ ಮಾಮೂಲಿ ಡ್ರಿಪ್‌ನಿಂದ ಇದು ಆಗುವ ಕೆಲಸವಲ್ಲ. ಅಷ್ಟು ಗಟ್ಟಿ ಸಕ್ಕರೆ ದ್ರಾವಣಕ್ಕೆ ಸಣ್ಣ ನಾಳಗಳು ಊದಿಕೊಂಡು ಕೆಡುತ್ತವೆ. ಅದಕ್ಕೇ ತೆಳು ನಳಿಕೆಯನ್ನು ಹೃದಯದ ಹತ್ತಿರದ ದೊಡ್ಡ ಅಭಿಧಮನಿಯವರೆಗೆ ತೂರಿಸುತ್ತಾರೆ. ಅಲ್ಲಿ ರಭಸದಿಂದ ಹರಿಯುವ ರಕ್ತ ದ್ರಾವಣವನ್ನು ತಕ್ಷಣ ತೆಳುವಾಗಿಸುತ್ತದೆ.

ಈ ದ್ರಾವಣ ತುಂಬಿದ ಚೀಲದ ಹಳದಿ ಬಣ್ಣ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್‌ನದು. ಬೆಳಕಿಗೆ ಅದು ಕೆಡುವುದರಿಂದ ಚೀಲಕ್ಕೆ ಹೊದಿಕೆ ಹಾಕುತ್ತಾರೆ.

ವಿಟಮಿನ್ ಬೇಕಾದದ್ದು ಮಿಲಿಗ್ರಾಂ ಲೆಕ್ಕದಲ್ಲಿ. ಆದರೂ 1997ರಲ್ಲಿ ಅಮೆರಿಕದಲ್ಲಿ ಮಲ್ಟಿವಿಟಮಿನ್ ಇಂಜೆಕ್ಷನ್‌ಗೆ ಕೊರತೆ ಬಿದ್ದಾಗ, ಅದಿಲ್ಲದ ಚೀಲ ಪಡೆದ ಕೆಲವರ ಜೀವಕ್ಕೇ ಕುತ್ತು ಬಂತು. ಥಯಾಮಿನ್ ಎಂಬ ಬಿ1 ಇಲ್ಲದೆ ಗ್ಲೂಕೋಸ್ ಪೂರ್ತಿ ಶಕ್ತಿಯಾಗಿ ಮಾರ್ಪಡದೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿತ್ತು.